ಚಿಕ್ಕದಾಗಿಯೇ ಇರಲಿ ನಮ್ಮ ಸರ್ವರ್

(ಕಲಬುರಗಿಯಲ್ಲಿ ವಿದ್ಯಾರ್ಥಿಗಳು ಮತ್ತು ಮೇಷ್ಟ್ರುಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಸ್ವಂತ ಸೋಷಿಯಲ್ ಮೀಡಿಯಾ ಸರ್ವರ್ ಹಾಕೋದು ಹೇಗೆ ಅಂತ ತಿಳಿಯೋಕೆ ಇಲ್ಲಿ ಬಹಳ ಜನ ಬಂದಿದ್ದೀರಿ. ಹಾಕೋದಕ್ಕೆ ನಾನು ಬೇಕಾಗಿಲ್ಲ. ಟ್ವಿಟರ್‌ನಂಥ ಜಾಲವನ್ನು ಯಾರು ಬೇಕಾದರೂ ತಮ್ಮದೇ ಸರ್ವರ್‌ನಲ್ಲಿ ನಡೆಸೋಕೆ ಮಾಸ್ಟಡಾನ್ ಅನ್ನೋ ಸಾಫ್ಟ್‌ವೇರ್ ಇದೆ. ಅದನ್ನು ಹಾಕೋದು ಹೇಗೆ ಅಂತ ಮಾಸ್ಟಡಾನ್‌ನವರೇ ಹಂತ ಹಂತವಾಗಿ ಬರೆದಿಟ್ಟಿದ್ದಾರೆ. ಲಿನಕ್ಸ್ ಬಳಸಿ ಅಭ್ಯಾಸ ಇದ್ದವರು ನೋಡಿಕೊಂಡು ಒಂದು ದಿನದಲ್ಲಿ ಮುಗಿಸುತ್ತೀರಿ. ಹಾಕಿದ ಮಾರನೇ ದಿನದಿಂದ ಏನೇನು ಮಾಡಬೇಕಾಗುತ್ತದೆ ಅನ್ನೋದನ್ನು ಮಾತ್ರ ಇವತ್ತು ಹೇಳುತ್ತೇನೆ. ಕಲಬುರಗಿಯಲ್ಲಿ ಕೂತು ನಾವು ಕೆಲವರು ಒಂದು ಸಣ್ಣ ಮಾಸ್ಟಡಾನ್ ಸರ್ವರ್ ನೋಡಿಕೊಳ್ಳುತ್ತಿದ್ದೇವೆ. ಅಲ್ಲಿರುವವರು ಹೆಚ್ಚಾಗಿ ಈ ಕಡೆಯವರೇ. ಶಾಲೆ ಮೇಷ್ಟ್ರು ಇದ್ದಾರೆ, ಕಾಲೇಜು ಹುಡುಗ ಹುಡುಗಿಯರು ಇದ್ದಾರೆ, ಕಥೆ ಕವಿತೆ ಬರೆಯುವವರು, ತೊಗರಿ ಬೆಳೆಯುವವರು, ಬೀದರ್‌ನ ಬಿದ್ರಿ ಕೆಲಸದವರು ಇದ್ದಾರೆ. ಹೊಸಬರು ಬೇಕು ಅಂತ ನಾವು ಡಂಗುರ ಸಾರಿಲ್ಲ. ಯಾಕೆ ಅನ್ನೋದು ಮುಂದೆ ಗೊತ್ತಾಗುತ್ತದೆ.

ಇಂಥದ್ದೊಂದು ಯಾಕೆ ಬೇಕು ಅಂತ ಉದ್ದಕ್ಕೆ ಹೇಳಲ್ಲ. ಆರ್ಕುಟ್ 2014ರಲ್ಲಿ ಮುಚ್ಚಿತು. ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. ಅಲ್ಲಿ ಬರೆದದ್ದನ್ನು ಇಳಿಸಿಕೊಳ್ಳದವರಿಗೆ ಅದು ಇವತ್ತು ಸಿಗಲ್ಲ. ಟ್ವಿಟರ್ ಅನ್ನು 2022ರ ಅಕ್ಟೋಬರ್‌ನಲ್ಲಿ ಇಲಾನ್ ಮಸ್ಕ್ 44 ಬಿಲಿಯನ್ ಡಾಲರ್‌ಗೆ ಕೊಂಡರು. ಮುಂದಿನ ವರ್ಷ ಅದರ ಹೆಸರೇ ಹೋಯಿತು. ಅದಕ್ಕೂ ಮೊದಲು, 2019ರಲ್ಲಿ, ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಬಂದ್ ಆದಾಗ ನಮ್ಮ ದೇಶದ ತುಂಬಾ ಜನ ಮಾಸ್ಟಡಾನ್ ಕಡೆ ಬಂದರು. ಬಂದವರಲ್ಲಿ ಬಹಳ ಮಂದಿ ಸ್ವಲ್ಪ ದಿನಕ್ಕೆ ವಾಪಸ್ ಹೋದರು. ಸಿಟ್ಟಿನಿಂದ ಬಂದವರು ಸಿಟ್ಟು ಇಳಿದ ಮೇಲೆ ನಿಲ್ಲಲ್ಲ. ಮಾತಾಡಲು ಗುರುತಿನವರು ಇದ್ದರೆ ನಿಲ್ಲುತ್ತಾರೆ. ನಮ್ಮ ಸರ್ವರ್ ಉಳಿದಿರೋದು ಅದರಿಂದಲೇ ಅಂತ ನನ್ನ ನಂಬಿಕೆ.

ಈಗ ಇದು ಕೆಲಸ ಮಾಡೋದು ಹೇಗೆ ಅಂತ ನೋಡೋಣ. ಇದು ತಿಳಿಯದಿದ್ದರೆ ಮುಂದಿನದು ಯಾವುದೂ ತಿಳಿಯಲ್ಲ.

ಚಿತ್ತಾಪುರದ ಒಬ್ಬ ಮೇಷ್ಟ್ರು ಸನ್ನತಿ ಹತ್ತಿರದ ಕನಗನಹಳ್ಳಿಗೆ ಮಕ್ಕಳನ್ನು ಕರೆದುಕೊಂಡು ಹೋದರು ಅಂದುಕೊಳ್ಳಿ. ಅಲ್ಲಿ ಅಶೋಕನ ಹೆಸರು ಕೆತ್ತಿರುವ ಶಿಲ್ಪ ಸಿಕ್ಕಿದೆಯಲ್ಲ, ಅದರ ಫೋಟೋ ಹಾಕಿ ನಾಲ್ಕು ಸಾಲು ಬರೆದರು. ಅವರನ್ನು ಫಾಲೋ ಮಾಡುವವರು ನಮ್ಮ ಸರ್ವರ್‌ನಲ್ಲಿ ಕೆಲವರು, ಪುಣೆಯವರು ನಡೆಸುವ ಒಂದು ಸರ್ವರ್‌ನಲ್ಲಿ ಇಬ್ಬರು, ಜರ್ಮನಿಯ ಒಂದು ಸರ್ವರ್‌ನಲ್ಲಿ ಒಬ್ಬರು. ಜಿಮೇಲ್‌ನಿಂದ ಯಾಹೂಗೆ ಮೇಲ್ ಹೋಗುತ್ತದಲ್ಲ, ಅದೇ ರೀತಿ ಇಲ್ಲಿ ಸರ್ವರ್‌ಗಳು ಒಂದಕ್ಕೊಂದು ಮಾತಾಡುತ್ತವೆ. ಆ ಮಾತಿನ ನಿಯಮಕ್ಕೆ ಆಕ್ಟಿವಿಟಿಪಬ್ ಅಂತ ಹೆಸರು. ವೆಬ್‌ನ ನಿಯಮಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2018ರ ಜನವರಿಯಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಜರ್ಮನಿಯ ಯೂಜೆನ್ ರೋಚ್ಕೊ ಅವರು ಮಾಸ್ಟಡಾನ್ ಹೊರತಂದದ್ದು ಅದಕ್ಕೂ ಮೊದಲೇ, 2016ರಲ್ಲಿ.

ಮೇಷ್ಟ್ರು ಬಟನ್ ಒತ್ತಿದ ಕೂಡಲೇ ಪೋಸ್ಟು ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್‌ಗೆ ಸೇರುತ್ತದೆ. ಫೋಟೋ ಬೇರೆ ಬೇರೆ ಅಳತೆಗೆ ಸಿದ್ಧವಾಗುತ್ತದೆ. ಆಮೇಲೆ ಕಳಿಸುವ ಕೆಲಸಗಳೆಲ್ಲ ರೆಡಿಸ್ ಅನ್ನೋ ತಾತ್ಕಾಲಿಕ ಸಂಗ್ರಹದಲ್ಲಿ ಸಾಲಾಗಿ ನಿಲ್ಲುತ್ತವೆ. ಸೈಡ್‌ಕಿಕ್ ಅನ್ನೋ ಪ್ರೋಗ್ರಾಂ ಒಂದೊಂದನ್ನೇ ಎತ್ತಿಕೊಂಡು ಪುಣೆಗೆ, ಜರ್ಮನಿಗೆ ತಲುಪಿಸುತ್ತದೆ. ಪ್ರತಿಯೊಂದರ ಮೇಲೂ ಮೇಷ್ಟ್ರ ಖಾತೆಯ ಗುಪ್ತ ಕೀಲಿಯ ಸಹಿ ಇರುತ್ತದೆ. ಆ ಕಡೆಯ ಸರ್ವರ್ ಸಹಿ ಪರೀಕ್ಷೆ ಮಾಡಿ ಒಳಗೆ ಬಿಟ್ಟುಕೊಳ್ಳುತ್ತದೆ. ಪುಣೆಯದು ಆ ಹೊತ್ತಿಗೆ ಬಂದ್ ಇದ್ದರೆ ಸೈಡ್‌ಕಿಕ್ ಸ್ವಲ್ಪ ತಡೆದು ಮತ್ತೆ ಕಳಿಸುತ್ತದೆ. ಆಗಲೂ ಆಗದಿದ್ದರೆ ಇನ್ನೂ ಜಾಸ್ತಿ ಹೊತ್ತು ಬಿಟ್ಟು ಮತ್ತೊಮ್ಮೆ.

ಇಷ್ಟರಲ್ಲೇ ಒಂದು ದೊಡ್ಡ ವಿಷಯ ಅಡಗಿದೆ. ಮೇಷ್ಟ್ರ ಪೋಸ್ಟಿನ ಪೂರ್ತಿ ಪ್ರತಿ ಈಗ ಪುಣೆಯಲ್ಲೂ ಇದೆ, ಜರ್ಮನಿಯಲ್ಲೂ ಇದೆ. ನಾಳೆ ಅವರು ಅಳಿಸಿದರೆ ನಮ್ಮ ಸರ್ವರ್ ‘ಇದನ್ನು ಅಳಿಸಿ’ ಅಂತ ಎಲ್ಲರಿಗೂ ಹೇಳಿ ಕಳಿಸುತ್ತದೆ. ಸಾಮಾನ್ಯವಾಗಿ ಅಳಿಸುತ್ತಾರೆ. ಅಳಿಸಲೇಬೇಕು ಅಂತ ಒತ್ತಾಯ ಮಾಡೋ ಶಕ್ತಿ ಮಾತ್ರ ಯಾರಿಗೂ ಇಲ್ಲ. ಹಾಗೆಯೇ, ಇಬ್ಬರೇ ಆಡಿಕೊಳ್ಳೋ ಖಾಸಗಿ ಸಂದೇಶ ಇದೆಯಲ್ಲ, ಅದು ವಾಟ್ಸ್‌ಆ್ಯಪ್‌ನಂತೆ ಬೀಗ ಹಾಕಿಕೊಂಡು ಹೋಗಲ್ಲ. ಡೇಟಾಬೇಸ್ ತೆರೆಯಬಲ್ಲ ಅಡ್ಮಿನ್, ಅಂದರೆ ಸರ್ವರ್ ನಡೆಸುವವರು, ಮನಸ್ಸು ಮಾಡಿದರೆ ಓದಬಹುದು. ನಮ್ಮಲ್ಲಿ ಖಾತೆ ಕೇಳುವ ಪ್ರತಿಯೊಬ್ಬರಿಗೂ ನಾವು ಈ ಎರಡು ಮಾತನ್ನು ಮೊದಲೇ ಹೇಳುತ್ತೇವೆ. ಕೆಲವರು ಕೇಳಿ ಹಿಂದೆ ಸರಿದಿದ್ದಾರೆ. ಸರಿದರೆ ಸರಿಯಲಿ, ತಿಳಿದು ಬಂದವರು ಸಾಕು.

ದಿನದ ಕೆಲಸಕ್ಕೆ ಬರೋಣ. ಮೊದಲು ಕಾಡೋದು ಡಿಸ್ಕ್. ನಮ್ಮವರು ಹಾಕೋ ಫೋಟೋ ಎಷ್ಟು ಮಹಾ ಆಗುತ್ತವೆ ಅಂತ ಅನಿಸಬಹುದು. ಆದರೆ ನಮ್ಮವರು ಫಾಲೋ ಮಾಡುವ ಹೊರಗಿನವರ ಫೋಟೋ, ವಿಡಿಯೋಗಳ ಪ್ರತಿಯೂ ನಮ್ಮಲ್ಲಿ ಬಂದು ಕೂರುತ್ತದೆ. ಜಾತ್ರೆಗೆ ಬಂದ ನೆಂಟರ ಚೀಲಗಳಿಂದಲೇ ಮನೆ ತುಂಬಿದ ಹಾಗೆ. ಇದನ್ನು ಖಾಲಿ ಮಾಡೋಕೆ ಟೂಟ್‌ಸಿಟಿಎಲ್ ಅನ್ನೋ ಆಜ್ಞೆ ಇದೆ. ಅಡ್ಮಿನ್ ಪುಟದಲ್ಲಿ ಇಷ್ಟು ದಿನಕ್ಕಿಂತ ಹಳೆಯದು ಬೇಡ ಅಂತ ಬರೆದಿಟ್ಟರೂ ಆಗುತ್ತದೆ. ಹೊರಗಿನವರ ಫೋಟೋ ತೆಗೆದುಬಿಟ್ಟರೆ ನಷ್ಟ ಇಲ್ಲ. ಯಾರಾದರೂ ಮತ್ತೆ ನೋಡಿದರೆ ಮೂಲ ಸರ್ವರ್‌ನಿಂದ ವಾಪಸ್ ತರಬಹುದು. ಅದೇ ಪುಟದಲ್ಲಿ ಹಳೆಯ ಪೋಸ್ಟ್‌ಗಳನ್ನೇ ಅಳಿಸುವ ಇನ್ನೊಂದು ಖಾನೆ ಇದೆ. ಅದನ್ನು ಮುಟ್ಟಬೇಡಿ. ಮುಟ್ಟಿದರೆ ನಮ್ಮವರು ಬುಕ್‌ಮಾರ್ಕ್ ಮಾಡಿಟ್ಟುಕೊಂಡ ಹೊರಗಿನ ಬರಹಗಳೂ ಹೋಗುತ್ತವೆ.

ಎರಡನೆಯದು ಸೈಡ್‌ಕಿಕ್‌ನ ಸಾಲು. ಬೆಳಿಗ್ಗೆ ಚಹಾ ಕುಡಿಯುವಾಗ ನಾನು ಮೊದಲು ನೋಡೋದು ಅದನ್ನೇ. ಸಾಲಿನಲ್ಲಿ ಎಷ್ಟು ಕೆಲಸ ಇದೆ ಅನ್ನೋದಕ್ಕಿಂತ, ಎಲ್ಲಕ್ಕಿಂತ ಹಳೆಯ ಕೆಲಸ ಎಷ್ಟು ಹೊತ್ತಿನಿಂದ ಕಾಯುತ್ತಿದೆ ಅನ್ನೋದನ್ನು ನೋಡಿ. ಕೆಲವು ಸೆಕೆಂಡು ಇದ್ದರೆ ಚಿಂತೆ ಇಲ್ಲ. ಗಂಟೆಗಟ್ಟಲೆ ಆದರೆ ಏನೋ ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ನಮ್ಮಲ್ಲಿ ಯಾರದಾದರೂ ಒಂದು ಪೋಸ್ಟ್ ಹೊರಗಿನವರಿಗೆ ತುಂಬಾ ಹಿಡಿಸಿಬಿಟ್ಟರೂ ಹೀಗಾಗುತ್ತದೆ. ಒಂದೊಂದು ಲೈಕು, ಒಂದೊಂದು ಉತ್ತರವೂ ಒಳಗೆ ಬರುವ ಒಂದೊಂದು ಕೆಲಸ ಅಲ್ವಾ.

‘ಸರ್ವರ್ ಮನೆಯಲ್ಲೇ ಯಾಕೆ ಇಡಬಾರದು, ಸ್ವಂತದ್ದು ಅಂದಮೇಲೆ ಮನೆಯಲ್ಲೇ ಇರಬೇಕಲ್ವಾ’ ಅಂತ ಕೇಳುವವರು ಇದ್ದಾರೆ. ಆಸೆ ನನಗೂ ಇದೆ. ಆದರೆ ನಮ್ಮ ಊರಿನ ಮೇ ತಿಂಗಳು ನಿಮಗೇ ಗೊತ್ತು. 42, 43 ಡಿಗ್ರಿಯಲ್ಲಿ ಫ್ಯಾನಿನ ಗಾಳಿಯೂ ಬಿಸಿ. ಮಧ್ಯಾಹ್ನ ಕರೆಂಟ್ ಹೋದರೆ ಯುಪಿಎಸ್ ಎಷ್ಟು ಹೊತ್ತು ತಡೆದೀತು? ಅದಕ್ಕಿಂತ ದೊಡ್ಡ ತೊಡಕು ಇಂಟರ್ನೆಟ್‌ನದು. ಮನೆಗೆ ಬರುವ ಬಹಳಷ್ಟು ಸಂಪರ್ಕಗಳಲ್ಲಿ ನಿಮಗೇ ಅಂತ ಒಂದು ಐಪಿ ವಿಳಾಸ, ಅಂದರೆ ಇಂಟರ್ನೆಟ್‌ನಲ್ಲಿ ನಿಮ್ಮ ಮನೆ ನಂಬರ್, ಇರಲ್ಲ. ಹಲವು ಮನೆಗಳು ಸೇರಿ ಒಂದನ್ನೇ ಹಂಚಿಕೊಂಡಿರುತ್ತವೆ. ಹೊರಗಿನ ಸರ್ವರ್ ನಿಮ್ಮ ಬಾಗಿಲು ತಟ್ಟಬೇಕು ಅಂದರೆ ಬಾಗಿಲು ಯಾವುದು ಅಂತಲೇ ಗೊತ್ತಾಗಲ್ಲ. ಬೇರೆ ಐಪಿ ಬೇಕು ಅಂದರೆ ಹೆಚ್ಚಿಗೆ ದುಡ್ಡು ಕೊಡಬೇಕು. ಹಾಗಾಗಿ ನಾವು ಡೇಟಾ ಸೆಂಟರ್‌ನಲ್ಲಿ ಬಾಡಿಗೆ ಯಂತ್ರ ಹಿಡಿದಿದ್ದೇವೆ. ನೂರಿನ್ನೂರು ಜನರ ಮಾಸ್ಟಡಾನ್‌ಗೆ 4 ಜಿಬಿ ರ‍್ಯಾಮ್ ಇದ್ದರೆ ನಡೆಯುತ್ತದೆ. ನೀವು ಒಬ್ಬರೇ, ಇಲ್ಲ ಮನೆಯವರಷ್ಟೇ ಬಳಸೋದಾದರೆ ಗೋಟುಸೋಷಿಯಲ್ ಅನ್ನೋ ಹಗುರ ಸಾಫ್ಟ್‌ವೇರ್ ಇದೆ. ಅದು ರಾಸ್ಪ್‌ಬೆರಿ ಪೈನಂಥ ಸಣ್ಣ ಯಂತ್ರದಲ್ಲೂ ಓಡುತ್ತದೆ. ಅದನ್ನು ಬೇಕಾದರೆ ಮನೆಯಲ್ಲಿ ಇಟ್ಟು ನೋಡಿ. ಕಲಿಯೋದಕ್ಕೆ ಅದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಮೇಲ್ ಬಗ್ಗೆ ಒಂದೇ ಮಾತು. ಖಾತೆ ಖಚಿತ ಮಾಡಿಕೊಳ್ಳುವ ಮೇಲ್ ಸ್ಪ್ಯಾಮ್‌ಗೆ ಬಿದ್ದರೆ ಹೊಸಬರು ಒಳಗೇ ಬರಲಾರರು. ಮೇಲ್ ಸರ್ವರ್ ನೀವೇ ನಡೆಸೋಕೆ ಹೋಗಬೇಡಿ, ಕಳಿಸಿಕೊಡುವ ಸೇವೆ ಒಂದನ್ನು ಹಿಡಿಯಿರಿ.

ಡೊಮೇನ್ ಹೆಸರನ್ನು, ಅಂದರೆ ನಿಮ್ಮ ಸರ್ವರ್‌ನ ವೆಬ್ ವಿಳಾಸವನ್ನು, ಮಾತ್ರ ಯೋಚಿಸಿ ಆರಿಸಿ. ಒಂದು ಸಲ ಹೊರಗಿನ ಸರ್ವರ್‌ಗಳ ಜೊತೆ ಮಾತು ಶುರುವಾದ ಮೇಲೆ ಬದಲಿಸೋಕೆ ಬರಲ್ಲ. ಎಲ್ಲರ ವಿಳಾಸ, ಎಲ್ಲರ ಸಹಿ ಆ ಹೆಸರಿಗೇ ಕಟ್ಟಿಕೊಂಡಿರುತ್ತದೆ. ಕೇಳೋಕೆ ಚೆನ್ನಾಗಿದೆ ಅಂತ ಯಾವುದೋ ದೇಶದ ಎರಡಕ್ಷರದ ಡೊಮೇನ್ ಕೊಳ್ಳಬೇಡಿ. ‘ಕ್ವಿಯರ್ ಡಾಟ್ ಎಎಫ್’ ಅನ್ನೋ ಮಾಸ್ಟಡಾನ್ ಸರ್ವರ್ ಇತ್ತು. ಎಎಫ್ ಅಂದರೆ ಅಫ್ಗಾನಿಸ್ತಾನದ ಡೊಮೇನ್. 2024ರ ಫೆಬ್ರವರಿಯಲ್ಲಿ ತಾಲಿಬಾನ್ ಆಡಳಿತ ಅದನ್ನು ಕಿತ್ತುಕೊಂಡಿತು. ಸರ್ವರ್ ಗಟ್ಟಿಯಾಗಿತ್ತು, ಜನ ಇದ್ದರು, ಹೆಸರೇ ಹೋಯಿತು.

ಬ್ಯಾಕಪ್ ವಿಷಯದಲ್ಲಿ ಸ್ವಲ್ಪ ನಿಲ್ಲುತ್ತೇನೆ. ಮೂರು ವಸ್ತು ಕಾಪಾಡಬೇಕು. ಒಂದು, ಪೋಸ್ಟ್‌ಗ್ರೆಸ್ ಡೇಟಾಬೇಸ್. ಎರಡು, ನಮ್ಮವರೇ ಹಾಕಿದ ಫೋಟೋಗಳು. ಮೂರನೆಯದನ್ನೇ ಜನ ಮರೆಯೋದು, ಮಾಸ್ಟಡಾನ್‌ನ ಗುಟ್ಟಿನ ಕೀಲಿಗಳಿರುವ ಆ ಸಣ್ಣ ಸೆಟ್ಟಿಂಗ್ಸ್ ಫೈಲ್. ಅದು ಕಳೆದರೆ ಡೇಟಾಬೇಸ್ ಇದ್ದರೂ ಎರಡು ಹಂತದ ಲಾಗಿನ್ ಇಟ್ಟುಕೊಂಡವರು ಹೊರಗೆ ಉಳಿಯುತ್ತಾರೆ. ರೆಡಿಸ್ ಹೋದರೆ ಅಷ್ಟು ದುಃಖ ಬೇಡ. ಸಾಲಿನಲ್ಲಿದ್ದ ಕೆಲಸಗಳು ಹೋಗುತ್ತವೆ, ಟೈಮ್‌ಲೈನ್ ಮತ್ತೆ ಕಟ್ಟಬಹುದು. ಬ್ಯಾಕಪ್‌ನ ಒಂದು ಪ್ರತಿ ಬಾಡಿಗೆ ಯಂತ್ರದ ಹೊರಗೆ ಇರಬೇಕು. ನಮ್ಮದು ಕಲಬುರಗಿಯಲ್ಲೇ ಒಬ್ಬರ ಮನೆಯ ಹಾರ್ಡ್‌ಡಿಸ್ಕ್‌ನಲ್ಲಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರ್‌ಗೆ ಹಾಕಿ, ತೆರೆದು, ಹಳೆಯ ನಾಲ್ಕು ಪೋಸ್ಟ್ ಓದಿ ನೋಡುತ್ತೇವೆ. ಹೀಗೆ ನೋಡದ ಬ್ಯಾಕಪ್ ಅನ್ನು ನಾನು ಲೆಕ್ಕಕ್ಕೇ ಹಿಡಿಯಲ್ಲ.

ಆ ಪ್ರತಿಗೆ ಗೂಢಲಿಪಿಯ ಬೀಗ ಇರಲೇಬೇಕು. 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಕೊಲೆಕ್ಟಿವಾ ಅನ್ನೋ ಮಾಸ್ಟಡಾನ್ ಸರ್ವರ್‌ನ ಅಡ್ಮಿನ್ ಮನೆ ಮೇಲೆ ಎಫ್‌ಬಿಐ ದಾಳಿ ಆಯಿತು. ದಾಳಿಗೆ ಕಾರಣ ಬೇರೆ ಯಾವುದೋ ಪ್ರಕರಣ, ಸರ್ವರ್ ಅಲ್ಲ. ಆದರೆ ಆ ಹೊತ್ತಿಗೆ ರಿಪೇರಿಗೆ ಅಂತ ಇಳಿಸಿಟ್ಟ ಡೇಟಾಬೇಸ್‌ನ ಒಂದು ಪ್ರತಿ ಬೀಗವಿಲ್ಲದೆ ಅಲ್ಲೇ ಇತ್ತು. ಅದೂ ಎಫ್‌ಬಿಐ ಕೈಗೆ ಹೋಯಿತು. ಸಾವಿರಾರು ಜನರ ಖಾಸಗಿ ಸಂದೇಶ, ಮೇಲ್ ವಿಳಾಸ ಎಲ್ಲ ಅದರಲ್ಲಿತ್ತು. ಆ ಜನ ಯಾರೂ ಏನೂ ಮಾಡಿರಲಿಲ್ಲ. ನೀವು ಸರ್ವರ್ ಇಡುತ್ತೀರಿ ಅಂದರೆ ಇಷ್ಟು ಜನರ ಗುಟ್ಟು ನಿಮ್ಮ ಮನೆಯಲ್ಲಿದೆ. ರಾತ್ರಿ ಮಲಗುವಾಗ ಇದು ನೆನಪಿರಲಿ.

ಅಪ್‌ಡೇಟ್ ಕೂಡ ಹಾಗೆಯೇ. 2023ರ ಜುಲೈನಲ್ಲಿ ಮಾಸ್ಟಡಾನ್‌ನಲ್ಲಿ ಒಂದು ಭಯಂಕರ ದೋಷ ಸಿಕ್ಕಿತು. ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾ ದುಡ್ಡು ಕೊಟ್ಟು ಮಾಡಿಸಿದ ಪರಿಶೀಲನೆಯಲ್ಲಿ ಕಂಡದ್ದು. ಬೇಕೆಂದೇ ತಯಾರಿಸಿದ ಒಂದು ಮೀಡಿಯಾ ಫೈಲ್ ಹಾಕಿ ಸರ್ವರ್ ಪೂರ್ತಿ ವಶಕ್ಕೆ ತೆಗೆದುಕೊಳ್ಳುವ ಹಾಗಿತ್ತು. 4.1.3 ಆವೃತ್ತಿಯಲ್ಲಿ ಸರಿಪಡಿಸಿದರು. 2024ರ ಫೆಬ್ರವರಿಯಲ್ಲಿ ಇನ್ನೊಂದು, ಹೊರಗಿನ ಯಾವುದೇ ಖಾತೆಯ ವೇಷ ಹಾಕಬಹುದಾದ ದೋಷ. ಇಂಥ ಪ್ರಕಟಣೆ ಬಂದ ದಿನವೇ ಕೂತು ಮಾಡಬೇಕು. ಮದುವೆ ಇದೆ, ಪರೀಕ್ಷೆ ಇದೆ ಅಂದರೆ ನಡೆಯಲ್ಲ. ಅದಕ್ಕೇ ನಾನು ಹೇಳೋದು, ಒಬ್ಬರೇ ಸರ್ವರ್ ನಡೆಸಬೇಡಿ. ನಿಮಗೆ ಆಗದ ದಿನ ಕೈ ಹಾಕೋಕೆ ಇನ್ನೊಬ್ಬರು ಬೇಕು. ಪಾಸ್‌ವರ್ಡ್ ಅವರ ಹತ್ತಿರವೂ ಇರಬೇಕು.

ಇಲ್ಲಿತನಕ ಹೇಳಿದ್ದು ಯಂತ್ರದ ಮಾತು. ಓದಿ ಕಲಿತರೆ ಬರುತ್ತದೆ. ನಿಜವಾದ ಕಷ್ಟ ಮಾಡರೇಷನ್‌ನಲ್ಲಿ, ಅಂದರೆ ಜನ ಬರೆದದ್ದರಲ್ಲಿ ಯಾವುದು ಇರಬೇಕು, ಯಾವುದನ್ನು ತೆಗೆಯಬೇಕು ಅಂತ ನೋಡಿಕೊಳ್ಳೋದರಲ್ಲಿ ಇದೆ.

ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. 2018ರ ಜುಲೈ. ಹೈದರಾಬಾದ್‌ನಿಂದ ಕೆಲವು ಯುವಕರು ಬೀದರ್ ಜಿಲ್ಲೆಯ ಔರಾದ್ ಕಡೆ ಬಂದಿದ್ದರು. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸ್‌ಆ್ಯಪ್‌ನಲ್ಲಿ ಸುದ್ದಿ ಹೊರಟಿತು. ಅವರ ಕಾರು ಮುರ್ಕಿ ತಲುಪೋ ಹೊತ್ತಿಗೆ ಸುದ್ದಿ ಮೊದಲೇ ಅಲ್ಲಿತ್ತು. ಜನ ಮುತ್ತಿಕೊಂಡು ಹೊಡೆದರು. ಒಬ್ಬ ಎಂಜಿನಿಯರ್ ಸತ್ತರು. ಅದೇ ತಿಂಗಳು ವಾಟ್ಸ್‌ಆ್ಯಪ್ ನಮ್ಮ ದೇಶದಲ್ಲಿ ಒಂದು ಸಂದೇಶವನ್ನು ಒಂದು ಸಲಕ್ಕೆ ಐದು ಚಾಟ್‌ಗಷ್ಟೇ ಮುಂದಕ್ಕೆ ಕಳಿಸಬಹುದು ಅಂತ ಮಿತಿ ಹಾಕಿತು.

ನಮ್ಮಂಥ ಸರ್ವರ್‌ನಲ್ಲಿ ಇಂಥದ್ದು ಹುಟ್ಟಲ್ಲ ಅಂತ ನಾನು ಹೇಳಲಾರೆ. ಹುಟ್ಟಬಹುದು. ತಂತ್ರಜ್ಞಾನ ಬೇರೆ ಆದ ಮಾತ್ರಕ್ಕೆ ಮನುಷ್ಯ ಬೇರೆ ಆಗಲ್ಲ. ಆದರೆ ಒಂದು ವ್ಯತ್ಯಾಸ ಇದೆ. ‘ಔರಾದ್ ರಸ್ತೆಯಲ್ಲಿ ಒಂದು ಕಾರು’ ಅಂತ ಯಾರಾದರೂ ಬರೆದರೆ ಅದನ್ನು ನೋಡುವ ಮಾಡರೇಟರ್‌ಗೆ ಔರಾದ್ ಎಲ್ಲಿದೆ ಅಂತ ಗೊತ್ತು. ಬರೆದವರು ಯಾರು ಅಂತ ಗೊತ್ತು. ಫೋನ್ ಮಾಡಿ ‘ನೀವು ಕಣ್ಣಾರೆ ನೋಡಿದಿರಾ’ ಅಂತ ಕೇಳಬಹುದು. ಪೋಸ್ಟ್ ತೆಗೆಯಬಹುದು, ಪೊಲೀಸರಿಗೆ ತಿಳಿಸಬಹುದು. ಎಲ್ಲೋ ದೂರದ ಆಫೀಸಿನಲ್ಲಿ ಕೂತು ಅನುವಾದದ ಮೂಲಕ ನಮ್ಮ ಮಾತು ನೋಡುವವರಿಗೆ ಇದು ಸಾಧ್ಯವೇ ಇಲ್ಲ. ಸರ್ವರ್ ಚಿಕ್ಕದಾಗಿಯೇ ಇರಲಿ ಅಂತ ನಾನು ಹಟ ಹಿಡಿಯೋದು ಇದಕ್ಕೇ. ಮಾಡರೇಟರ್‌ಗಳು ಜನರನ್ನು ಬಲ್ಲವರಾಗಿರಬೇಕು. ಆ ಮಿತಿ ದಾಟಿ ಬೆಳೆದರೆ ಬೇರೆಯವರು ಬೇರೆ ಸರ್ವರ್ ಹಾಕಲಿ. ಯಾದಗಿರಿಯವರು ಒಂದು ಹಾಕಲಿ, ಬೀದರ್‌ನವರು ಒಂದು. ಎರಡೂ ಮಾತಾಡಿಕೊಳ್ಳುತ್ತವೆ. ಈ ವ್ಯವಸ್ಥೆ ಇರೋದೇ ಅದಕ್ಕೆ.

ಮಾಡರೇಷನ್‌ಗೆ ಹತ್ಯಾರಗಳು ಇವೆ. ಒಂದು ಖಾತೆಯನ್ನು ಪೂರ್ತಿ ತೆಗೆಯೋದಕ್ಕೆ ಮೊದಲು ಅದರ ಮಾತು ಫಾಲೋ ಮಾಡದವರಿಗೆ ಕಾಣದಂತೆ ಮಿತಿ ಹಾಕಬಹುದು. ಖಾತೆ ತೆಗೆದುಹಾಕಿದರೂ 30 ದಿನ ಡೇಟಾ ಉಳಿದಿರುತ್ತದೆ, ತಪ್ಪು ನಿರ್ಧಾರ ಆಗಿದ್ದರೆ ವಾಪಸ್ ಕೊಡಬಹುದು. ಹೊರಗಿನ ಒಂದು ಸರ್ವರ್ ಪೂರ್ತಿಯೇ ಕೊಳಕು ಕಳಿಸುತ್ತಿದ್ದರೆ ಅದರ ಡೊಮೇನ್ ಅನ್ನೇ ತಡೆಯಬಹುದು. ಹೀಗೆ ತಡೆದಾಗ ಕಾರಣ ಬರೆದು ಎಲ್ಲರಿಗೂ ಕಾಣುವಂತೆ ಹಾಕಿ. ನಮ್ಮವರು ಅಲ್ಲಿರುವ ಗೆಳೆಯರನ್ನು ಕಳೆದುಕೊಳ್ಳುತ್ತಾರೆ, ಯಾಕೆ ಅಂತ ಅವರಿಗೆ ತಿಳಿಯಬೇಕಲ್ವಾ.

ಬಾಗಿಲು ಪೂರ್ತಿ ತೆರೆದಿಟ್ಟು ಸುಮ್ನೆ ಕೂತರೆ ಏನಾಗುತ್ತದೆ ಅನ್ನೋದು 2024ರ ಫೆಬ್ರವರಿಯಲ್ಲಿ ಎಲ್ಲರಿಗೂ ಕಂಡಿತು. ಯಾರೂ ನೋಡಿಕೊಳ್ಳದ ಸಣ್ಣ ಸಣ್ಣ ಸರ್ವರ್‌ಗಳಲ್ಲಿ ಯಂತ್ರದಿಂದ ಖಾತೆ ತೆರೆದು ಜಗತ್ತಿನ ತುಂಬಾ ಸ್ಪ್ಯಾಮ್ ಸುರಿದರು. ಆ ಸರ್ವರ್‌ಗಳನ್ನು ಬಹಳ ಜನ ತಡೆದುಬಿಟ್ಟರು. ನಮ್ಮಲ್ಲಿ ಖಾತೆ ಬೇಕಾದವರು ಎರಡು ಸಾಲು ಬರೆದು ಕೇಳಬೇಕು, ನಾವು ಓದಿ ಒಪ್ಪುತ್ತೇವೆ.

ಕಾನೂನಿನ ಬಗ್ಗೆಯೂ ಸ್ವಲ್ಪ ಹೇಳಬೇಕು. 2021ರ ಐಟಿ ನಿಯಮಗಳಲ್ಲಿ 50 ಲಕ್ಷಕ್ಕಿಂತ ಜಾಸ್ತಿ ಬಳಕೆದಾರರಿರುವ ದೊಡ್ಡ ಕಂಪನಿಗಳಿಗೆ ಬೇರೆಯೇ ಹೊಣೆಗಳಿವೆ. ನಾವು ಅದರಲ್ಲಿ ಬರಲ್ಲ. ಆದರೆ ದೂರು ಕೇಳುವವರ ಹೆಸರು, ಸಂಪರ್ಕ ಪ್ರಕಟಿಸಬೇಕು ಅನ್ನೋದು ಸಣ್ಣವರಿಗೂ ಇದೆ. ಸರ್ವರ್‌ಗೆ ಯಾರಾದರೂ ನುಗ್ಗಿದರೆ 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸಬೇಕು, ಸರ್ವರ್‌ನಲ್ಲಿ ನಡೆದದ್ದರ ದಾಖಲೆಗಳಾದ ಲಾಗ್‌ಗಳನ್ನು 180 ದಿನ ಇಡಬೇಕು ಅಂತ 2022ರ ಆದೇಶ ಹೇಳುತ್ತದೆ. ಶುರು ಮಾಡುವ ಮೊದಲು ಇವನ್ನು ಒಬ್ಬ ವಕೀಲರ ಜೊತೆ ಕೂತು ಓದಿ.

ದುಡ್ಡು. ಜಾಹೀರಾತು ಇಲ್ಲ, ಹಾಗಾಗಿ ಬಳಸುವವರೇ ಕೊಡಬೇಕು. ನಮ್ಮ ಊರಲ್ಲಿ ದಾಸೋಹ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಕೊಡಬಲ್ಲವರು ಕೊಡುತ್ತಾರೆ, ಆಗದವರು ಹಾಗೆಯೇ ಇರುತ್ತಾರೆ, ಯಾರು ಕೊಟ್ಟರು ಯಾರು ಬಿಟ್ಟರು ಅಂತ ಪಟ್ಟಿ ಹಾಕಲ್ಲ. ಬಂದದ್ದು, ಖರ್ಚಾದದ್ದು ಪ್ರತಿ ತಿಂಗಳು ಸರ್ವರ್‌ನಲ್ಲೇ ಹಾಕುತ್ತೇವೆ. ಮೂರು ತಿಂಗಳ ಬಾಡಿಗೆಯನ್ನು ಮುಟ್ಟದೆ ಎತ್ತಿಟ್ಟಿದ್ದೇವೆ.

ಯಾಕೆ ಮೂರು ತಿಂಗಳು ಅಂದರೆ, ಮುಚ್ಚುವ ದಿನ ಬಂದರೆ ಬೇಕು. ಕೆಲವರಿಗೆ ಈ ಮಾತು ಅಪಶಕುನ ಅನಿಸಬಹುದು. ಆದರೆ ಎಷ್ಟು ಸರ್ವರ್ ಮುಚ್ಚಿವೆ ನೋಡಿ. ‘ಮಾಸ್ಟಡಾನ್ ಡಾಟ್ ಲಾಲ್’ ಅನ್ನೋ ದೊಡ್ಡ ಸರ್ವರ್ 2023ರಲ್ಲಿ ಮುಚ್ಚಿತು, ಬೈಗುಳ ಜಗಳಗಳಿಂದ ಅದರ ಅಡ್ಮಿನ್ ಸೋತುಹೋಗಿದ್ದರು. ಮೊಜಿಲ್ಲಾದಂಥ ದೊಡ್ಡ ಸಂಸ್ಥೆಯೇ ತನ್ನ ಸರ್ವರ್ ಅನ್ನು 2024ರ ಡಿಸೆಂಬರ್‌ನಲ್ಲಿ ನಿಲ್ಲಿಸಿತು. ಮಾಸ್ಟಡಾನ್‌ನವರ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಸರ್ವರ್‌ನವರು ಒಂದು ಒಡಂಬಡಿಕೆಗೆ ಒಪ್ಪಬೇಕು. ಮುಚ್ಚುವುದಾದರೆ ಮೂರು ತಿಂಗಳು ಮೊದಲೇ ಹೇಳಬೇಕು, ದಿನವೂ ಬ್ಯಾಕಪ್ ಇರಬೇಕು, ತುರ್ತಿಗೆ ಇನ್ನೊಬ್ಬರ ಕೈಯಲ್ಲಿ ಕೀಲಿ ಇರಬೇಕು, ಜನಾಂಗ ದ್ವೇಷದಂಥದ್ದನ್ನು ತಡೆಯಬೇಕು. ಆ ಪಟ್ಟಿಗೆ ಸೇರದಿದ್ದರೂ ಇದನ್ನು ಪಾಲಿಸಿ.

ಆ ಮೂರು ತಿಂಗಳಲ್ಲಿ ಜನ ಬೇರೆ ಸರ್ವರ್‌ಗೆ ಹೋಗಬಹುದು. ಫಾಲೋ ಮಾಡುವವರು ಅವರ ಹಿಂದೆಯೇ ಹೋಗುತ್ತಾರೆ. ಹಳೆಯ ಪೋಸ್ಟ್‌ಗಳು ಮಾತ್ರ ಹೋಗಲ್ಲ, ಅವನ್ನು ಫೈಲ್ ಆಗಿ ಇಳಿಸಿಕೊಳ್ಳಬೇಕು. ಕನಗನಹಳ್ಳಿಯ ಫೋಟೋ ಹಾಕಿದ ಮೇಷ್ಟ್ರಂಥವರಿಗೆ ಇಳಿಸಿಕೊಳ್ಳೋದು ಹೇಗೆ ಅಂತ ಪಕ್ಕದಲ್ಲಿ ಕೂತು ತೋರಿಸಬೇಕಾಗುತ್ತದೆ. ಎಲ್ಲರೂ ಹೋದ ಮೇಲೆ ಯಂತ್ರದ ಬಾಡಿಗೆ ನಿಲ್ಲಿಸಿಬಿಟ್ಟರೆ ಮುಗಿಯಲ್ಲ. ಟೂಟ್‌ಸಿಟಿಎಲ್‌ನಲ್ಲೇ ಸರ್ವರ್ ಅನ್ನು ಮುಗಿಸುವ ಆಜ್ಞೆ ಇದೆ. ಅದು ನಮ್ಮವರ ಪ್ರತಿ ಖಾತೆ ಅಳಿಸಿ ಅಂತ ನಮ್ಮ ಸರ್ವರ್‌ಗೆ ಗೊತ್ತಿರುವ ಎಲ್ಲ ಸರ್ವರ್‌ಗಳಿಗೂ ಹೇಳುತ್ತದೆ. ಅದು ಮುಗಿಯೋ ತನಕ ಯಂತ್ರ ಓಡುತ್ತಿರಬೇಕು. ಹಾಗೆ ಮಾಡದೆ ಹೋದರೆ ನಮ್ಮವರ ಮಾತುಗಳು ಅಳಿಸುವವರಿಲ್ಲದೆ ಅಲ್ಲಿ ಇಲ್ಲಿ ಬಿದ್ದಿರುತ್ತವೆ.

ಈಗ ನಿಮ್ಮಿಂದ ಒಂದು ಕೇಳಬೇಕಾಗಿದೆ. ಸದ್ಯ ನಮ್ಮ ಮಾಡರೇಟರ್‌ಗಳಲ್ಲಿ ಕನ್ನಡ, ಇಂಗ್ಲಿಷ್ ಬಲ್ಲವರೇ ಎಲ್ಲ. ನಮ್ಮಲ್ಲಿ ಬರೆಯುವವರು ದಖ್ಖನಿ ಬರೆಯುತ್ತಾರೆ, ಮರಾಠಿ ಬರೆಯುತ್ತಾರೆ, ಲಂಬಾಣಿ ಮಾತನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಾರೆ. ಅದರ ಮೇಲೆ ದೂರು ಬಂದರೆ ನಾವು ಯಾರನ್ನೋ ಕೇಳಿ ತೀರ್ಮಾನ ಮಾಡಬೇಕಾಗುತ್ತದೆ. ಉರ್ದು ಲಿಪಿ ಓದಬಲ್ಲವರು ಒಬ್ಬರು, ತಾಂಡಾದ ಮಾತು ಬಲ್ಲವರು ಒಬ್ಬರು, ಅದರಲ್ಲೂ ಹೆಣ್ಣುಮಕ್ಕಳು ಬಂದರೆ ಬಹಳ ಒಳ್ಳೆಯದು. ಕಂಪ್ಯೂಟರ್ ಗೊತ್ತಿರಬೇಕಾಗಿಲ್ಲ, ಅದನ್ನು ನಾವು ಕಲಿಸುತ್ತೇವೆ. ದಿನಕ್ಕೆ ಅರ್ಧ ಗಂಟೆ ಕೊಡಬಲ್ಲವರು ಹೋಗುವ ಮುಂಚೆ ನನಗೆ ಹೆಸರು ಕೊಟ್ಟು ಹೋಗಿ.